ಎರಡು ರುಚಿಯ ಪಿಜ್ಜಾ ಮತ್ತು ಒಂದು ‘ಪರವಾಗಿಲ್ಲ’

ನನ್ನ ಹೆಂಡತಿ ಸುಕನ್ಯಾ “ಹೇಗಿದೆ?” ಎಂದು ಕೇಳುವುದನ್ನು ನಿಲ್ಲಿಸಿಬಿಟ್ಟಿದ್ದಾಳೆ ಎಂಬುದು ನನ್ನ ಗಮನಕ್ಕೆ ಬಂದದ್ದು ಅವಳು ನಿಲ್ಲಿಸಿದ ನಾಲ್ಕನೆಯ ದಿನ. ಇಷ್ಟು ತಡವಾಯಿತಲ್ಲ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನೇ ಕೇಳಿದರು.

ಮದುವೆಯಾದಾಗಿನಿಂದ ಇಪ್ಪತ್ತಾರು ವರ್ಷ ಈ ಪ್ರಶ್ನೆ ದಿನಕ್ಕೆ ಮೂರು ಸಲ ತಪ್ಪದೆ ಬರುತ್ತಿತ್ತು. ಬಡಿಸುವುದು, ಸೌಟು ಹಿಡಿದು ಮೇಜಿನ ಪಕ್ಕ ನಿಲ್ಲುವುದು, ನಾನು ಮೊದಲ ತುತ್ತು ನುಂಗುವ ತನಕ ಕಾಯುವುದು, “ಹೇಗಿದೆ?” ಎನ್ನುವುದು. ನಾನು ತುತ್ತನ್ನು ನಾಲಿಗೆಯ ಮೇಲೆ ಹೊರಳಿಸಿ, ಕಣ್ಣು ಅರ್ಧ ಮುಚ್ಚಿ, ಒಂದಿಷ್ಟು ಹೊತ್ತು ಬಿಟ್ಟು, “ಪರವಾಗಿಲ್ಲ” ಎನ್ನುತ್ತಿದ್ದೆ. ಅವಳು ಒಳಗೆ ಹೋಗುತ್ತಿದ್ದಳು. ಸಂಸಾರ ಸುಸೂತ್ರವಾಗಿ ಸಾಗಿತ್ತು (ಎಂದು ನಾನು ತಿಳಿದಿದ್ದೆ).

ನನ್ನನ್ನು ಬೈಯುವ ಮೊದಲು ದಯವಿಟ್ಟು ನನ್ನ ವೃತ್ತಿಯ ಬಗ್ಗೆ ಎರಡು ಮಾತು ಕೇಳಿ. ನಾನು ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದ ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿ ರುಚಿ ನೋಡುವವನು. ಮೂಡಿಗೆರೆ, ಕಳಸದ ಕಡೆಯ ತೋಟಗಳಿಂದ ಬಂದ ಕಾಫಿಯನ್ನು ಹುರಿದು, ಪುಡಿ ಮಾಡಿ, ಸಾಲಾಗಿ ಜೋಡಿಸಿದ ಬಟ್ಟಲುಗಳಿಗೆ ಹಾಕಿ ಬಿಸಿನೀರು ಹುಯ್ದಿಡುತ್ತಾರೆ. ಬಟ್ಟಲ ಕೆಳಗೆ ನಂಬರಿನ ಚೀಟಿ ಮಾತ್ರ. ಯಾರ ತೋಟದ್ದೆಂದು ನನಗೆ ತಿಳಿಯಬಾರದು. ನಾನು ಒಂದೊಂದೇ ಚಮಚ ತೆಗೆದು, ಪಕ್ಕದ ಗೋಡೌನಿಗೂ ಕೇಳಿಸುವಂತೆ ಸೊರ್ರೆಂದು ಹೀರಿ, ಬಾಯಿ ತುಂಬ ಆಡಿಸಿ, ಪೀಕದಾನಿಗೆ ಉಗಿದು, ಹಾಳೆಯಲ್ಲಿ ಅಂಕ ಬರೆಯುತ್ತೇನೆ. ಈ ಕೆಲಸದ ಮೂಲಮಂತ್ರವೆಂದರೆ ಮುಖದಲ್ಲಿ ಏನೂ ಕಾಣಿಸಬಾರದು. ಪಕ್ಕದಲ್ಲಿ ರುಚಿ ನೋಡುತ್ತಿರುವವನು ನನ್ನ ಹುಬ್ಬು ನೋಡಿ ಅಂಕ ಹಾಕಿಬಿಟ್ಟರೆ ಇಡೀ ಬೆಳಗಿನ ಕೆಲಸ ಹಾಳು. (ನನ್ನ ಹೆಸರು ಪ್ರಸನ್ನಕುಮಾರ್. ಹೆಸರಿಡುವಾಗ ನಮ್ಮಪ್ಪನಿಗೆ ನಾನು ಈ ಕೆಲಸಕ್ಕೆ ಸೇರುತ್ತೇನೆಂದು ಗೊತ್ತಿರಲಿಲ್ಲ.)

ಮುಖವನ್ನು ಆಫೀಸಿನಲ್ಲೇ ಬಿಟ್ಟು ಬರಲು ಆಗುವುದಿಲ್ಲವಲ್ಲ. ಅದನ್ನೇ ಹೊತ್ತುಕೊಂಡು ಮನೆಗೆ ಬಂದು ಊಟಕ್ಕೆ ಕೂರುತ್ತಿದ್ದೆ. ಅಲ್ಲದೆ ‘ಪರವಾಗಿಲ್ಲ’ ನನ್ನ ಮಟ್ಟಿಗೆ ಸಣ್ಣ ಮಾತಲ್ಲ. ಎಂತೆಂಥ ಎಸ್ಟೇಟುಗಳು ನನ್ನ ಬಾಯಿಂದ ಆ ಒಂದು ಮಾತಿಗಾಗಿ ಕಾದಿವೆ. ಇದನ್ನು ಒಮ್ಮೆ ಸುಕನ್ಯಾಳಿಗೆ ಬಿಡಿಸಿ ಹೇಳಿದ್ದೆ.

“ನಾನು ಎಸ್ಟೇಟ್ ಅಲ್ವಲ್ರೀ,” ಎಂದಿದ್ದಳು.

ಹದಿನೆಂಟು ವರ್ಷದ ಹಿಂದೆ ಅವಳ ತಂಗಿ ಸೌಮ್ಯಳ ನಿಶ್ಚಿತಾರ್ಥ ನಮ್ಮ ಮನೆಯಲ್ಲೇ ಆಗಿತ್ತು. ಜಾವಳಿಯಿಂದ ಗಂಡಿನ ಕಡೆಯವರು ನಲವತ್ತು ಜನ. ಅಡಿಗೆಯೆಲ್ಲ ಸುಕನ್ಯಾಳದೇ. ಬಂದವರಿಗೆ ಬಡಿಸುವ ಮೊದಲು ನನಗೊಂದು ಎಲೆ ಹಾಕಿ, ಸಾರು ಬಡಿಸಿ, “ಹೇಗಿದೆ?” ಎಂದು ಕೇಳಿದಳು. ನಾನು ಪದ್ಧತಿಯ ಪ್ರಕಾರ “ಪರವಾಗಿಲ್ಲ” ಎಂದೆ. ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ನನಗೆ ಅದು ಗೊತ್ತಾಗಿತ್ತು. ಮನಸ್ಸಿನಲ್ಲೇ ಅದಕ್ಕೆ ಅಂಕವನ್ನೂ ಕಳೆದಿದ್ದೆ. ಆದರೆ ಅಷ್ಟು ಜನರ ಓಡಾಟದ ನಡುವೆ ಹೇಳುವುದು ಸರಿಯಲ್ಲ, ಆಮೇಲೆ ನಿಧಾನವಾಗಿ ತಿಳಿಸೋಣ ಎಂದುಕೊಂಡೆ. ನಲವತ್ತು ಜನ ಉಪ್ಪಿಲ್ಲದ ಸಾರು ಉಂಡು ಎದ್ದರು. ಸಂಜೆ ಸುಕನ್ಯಾ ಹಿತ್ತಲಲ್ಲಿ ನಿಂತು ಅಳುತ್ತಿದ್ದಳು. ತಂಗಿ ಬೇರೆ ಮನೆಗೆ ಹೋಗುತ್ತಾಳಲ್ಲ ಎಂದು ಅಳುತ್ತಿದ್ದಾಳೆ ಅಂತ ನಾನು ಸಮಾಧಾನ ಮಾಡಿದ್ದೆ.

ಇರಲಿ. ಪ್ರಶ್ನೆ ನಿಂತ ನಾಲ್ಕನೆಯ ದಿನ ಹುರುಳಿ ಬಸ್ಸಾರು ಬಡಿಸಿ ಅವಳು ಸುಮ್ಮನೆ ಒಳಗೆ ಹೋದಳು. ನಾನು ಕಣ್ಣು ಅರ್ಧ ಮುಚ್ಚಿ ತಯಾರಾಗಿದ್ದೆ. ಪ್ರಶ್ನೆಯೇ ಬರಲಿಲ್ಲ. ‘ಪರವಾಗಿಲ್ಲ’ ಗಂಟಲಲ್ಲೇ ಉಳಿಯಿತು. ಒಂದು ವಾರ ಹೀಗೇ ನಡೆದ ಮೇಲೆ ಮನಸ್ಸಿಗೆ ಏನೋ ಕಸಿವಿಸಿ ಶುರುವಾಯಿತು. ಅವಳು ಜಗಳವಾಡಿದ್ದರೆ ಒಂದು ರೀತಿ. ಮುಖ ಊದಿಸಿಕೊಂಡಿದ್ದರೆ ಇನ್ನೊಂದು ರೀತಿ. ಅವಳು ಚೆನ್ನಾಗಿಯೇ ಇದ್ದಳು, ಹಾಡು ಗುನುಗುತ್ತಿದ್ದಳು, ನನ್ನ ಅಭಿಪ್ರಾಯವೊಂದನ್ನು ಬಿಟ್ಟು ಮನೆಗೆ ಬೇಕಾದದ್ದೆಲ್ಲ ಇತ್ತು.

“ಯಾಕೆ ಇತ್ತೀಚೆಗೆ ಕೇಳ್ತಾ ಇಲ್ಲ?” ಎಂದು ಕೊನೆಗೆ ನಾನೇ ಕೇಳಿದೆ.

“ಏನನ್ನ?”

“ಅದೇ… ಹೇಗಿದೆ ಅಂತ.”

“ಈಗ ಕೇಳೋ ಅಗತ್ಯ ಇಲ್ಲ ಬಿಡಿ,” ಎಂದು ನಕ್ಕು ಚಪಾತಿ ತಿರುವಿ ಹಾಕಿದಳು.

ಆ ನಗು ನನ್ನ ನಿದ್ದೆ ಕೆಡಿಸಿತು. ಕೇಳುವ ಅಗತ್ಯವಿಲ್ಲ ಎಂದರೆ ನನ್ನ ಅಗತ್ಯವಿಲ್ಲ ಎಂದೇ ತಾನೇ? ಮನೆಯಲ್ಲಿ ನನಗಿದ್ದ ಒಂದೇ ಒಂದು ಹುದ್ದೆ ಅದು.

ಅಷ್ಟರಲ್ಲಿ ಸೌಮ್ಯ ಫೋನಿನಲ್ಲಿ ಒಂದು ಫೋಟೋ ಕಳಿಸಿದಳು. ದೇವರಮನೆ ಗುಡ್ಡಕ್ಕೆ ಹೋಗುವ ದಾರಿಯ ಹೋಮ್‌ಸ್ಟೇ ಒಂದರಲ್ಲಿ ಪಿಜ್ಜಾ ತಿಂದಿದ್ದರಂತೆ. ಒಂದೇ ಪಿಜ್ಜಾ, ಅರ್ಧ ಸಿಹಿ, ಅರ್ಧ ಖಾರ. ಸುಕನ್ಯಾ ಆ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. “ಯಾರಾದ್ರೂ ಮಾಡಿಕೊಟ್ರೆ ಒಂದ್ಸಲ ತಿನ್ಬೇಕು,” ಎಂದಳು. ‘ಯಾರಾದರೂ ಮಾಡಿಕೊಟ್ಟರೆ’ ಎಂದಾಗ ಅವಳು ನನ್ನ ಕಡೆ ನೋಡಲಿಲ್ಲ. ಆದರೂ ನನಗೆ ಜ್ಞಾನೋದಯವಾಯಿತು. ನಾನೇ ಮಾಡಬೇಕು. ಅವಳು ಕೂತು ತಿನ್ನಬೇಕು. ಪಿಜ್ಜಾದಿಂದ ಮಾತು ಹುಟ್ಟಿ, ಆ ಮಾತು ಬೆಳೆದು, ನನ್ನ ‘ಹೇಗಿದೆ?’ ಮರಳಿ ಸೇವೆಗೆ ಹಾಜರಾಗಬೇಕು. ಮುಂದಿನ ಭಾನುವಾರಕ್ಕೆ ಸೌಮ್ಯ, ಅವಳ ಗಂಡ ವೀರೇಂದ್ರ ಇಬ್ಬರನ್ನೂ ಊಟಕ್ಕೆ ಕರೆದೆ.

ವೀರೇಂದ್ರನ ಬಗ್ಗೆ ಒಂದು ಮಾತು. ಜಾವಳಿಯಲ್ಲಿ ಒಳ್ಳೆಯ ತೋಟ ಮಾಡಿಕೊಂಡಿರುವ ಮನುಷ್ಯ, ಆದರೆ ನಾಲಿಗೆಯೇ ಇಲ್ಲ. ಏನು ಬಡಿಸಿದರೂ “ಅಕ್ಕಾ, ಸೂಪರ್!” ಎನ್ನುತ್ತಾನೆ. ಇಡ್ಲಿಗೂ ಸೂಪರ್, ಬಿಸಿನೀರಿಗೂ ಸೂಪರ್. ಇಂಥವನಿಗೆ ನಮ್ಮ ಮನೆಯಲ್ಲಿ ಯಾವಾಗಲೂ ಎರಡು ಹೋಳಿಗೆ ಜಾಸ್ತಿ ಬೀಳುವುದು ಯಾಕೆಂದು ನನಗೆ ಅರ್ಥವಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೇ ಅಡಿಗೆಮನೆಯನ್ನು ನನ್ನ ವಶಕ್ಕೆ ತೆಗೆದುಕೊಂಡೆ. ಆಫೀಸಿನಿಂದ ತಂದ ಗ್ರಾಂ ತಕ್ಕಡಿಯಲ್ಲಿ ಮೈದಾ ತೂಗಿದೆ, ಯೀಸ್ಟ್ ತೂಗಿದೆ, ಉಪ್ಪನ್ನೂ ತೂಗಿದೆ. ಮಾಘದ ಚಳಿಗೆ ಹಿಟ್ಟು ಉಬ್ಬಲಿಲ್ಲ. ಬಚ್ಚಲುಮನೆಯಲ್ಲಿ ಬಿಸಿನೀರಿನ ಹಂಡೆಯ ಪಕ್ಕ ಇಟ್ಟ ಮೇಲೆ ಉಬ್ಬಿತು. ನಮ್ಮಲ್ಲಿ ಓವನ್ ಇಲ್ಲ. ಅಮ್ಮ ರೊಟ್ಟಿಗೆಂದು ಇಟ್ಟುಕೊಂಡಿರುವ ಮಣ್ಣಿನ ಓಡು, ಅದರ ಮುಚ್ಚಳ ಎರಡನ್ನೂ ಬೇಡಿ ಪಡೆದೆ. “ಒಡೆದ್ರೆ ಅದರ ಜೊತೆ ನೀನೂ ಹೊರಗೆ,” ಎಂಬ ಷರತ್ತಿನ ಮೇಲೆ ಕೊಟ್ಟರು.

ಅಮ್ಮನ ಹೆಸರು ಗಿರಿಜಾಂಬಾ. ವಯಸ್ಸು ಎಪ್ಪತ್ತೇಳು. ಮೂರು ಹೊತ್ತೂ ಅವರು ಲಿಂಗಪೂಜೆ ಮುಗಿಸಿ, ಅಡಿಗೆಯಾದದ್ದನ್ನು ಎಡೆ ಇಟ್ಟ ಮೇಲೆಯೇ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂರಬೇಕು. ತಟ್ಟೆಗೆ ಬಿದ್ದದ್ದು ಪ್ರಸಾದ, ಒಂದು ಅಗುಳೂ ಬಿಡುವಂತಿಲ್ಲ. ಇವೆಲ್ಲ ನಾನು ಹುಟ್ಟಿದಾಗಿನಿಂದ ನೋಡಿದ ಪದ್ಧತಿಗಳೇ.

ಮೇಲೆ ಹಾಕುವ ಪದಾರ್ಥಗಳನ್ನು ನನ್ನ ವೃತ್ತಿಗೆ ತಕ್ಕಂತೆ ಬಟ್ಟಲುಗಳಲ್ಲಿ ಸಾಲಾಗಿ ಜೋಡಿಸಿ, ಕೆಳಗೆ ನಂಬರಿನ ಚೀಟಿ ಇಟ್ಟೆ. ಖಾರದ ಭಾಗಕ್ಕೆ ಈರುಳ್ಳಿ, ದಪ್ಪಮೆಣಸಿನಕಾಯಿ, ಬಳ್ಳಿಯಿಂದ ಬಿಡಿಸಿದ ಹಸಿ ಕಾಳುಮೆಣಸು, ಹೇರಳೆಕಾಯಿ ಉಪ್ಪಿನಕಾಯಿ. ಸಿಹಿ ಭಾಗಕ್ಕೆ ಬಾಳೆಹಣ್ಣು, ತೆಂಗಿನತುರಿ, ಜೇನುತುಪ್ಪ, ಹೇರಳೆಕಾಯಿಗೆ ಬೆಲ್ಲ ಹಾಕಿ ಕುದಿಸಿದ ಸಿಹಿಗೊಜ್ಜು. ನಂಬರು ಯಾವುದು ಏನೆಂಬ ಪಟ್ಟಿ ಜೇಬಿನಲ್ಲಿತ್ತು.

“ಅಡಿಗೆಗೆ ಯಾಕ್ರೀ ನಂಬರು?” ಎಂದಳು ಸುಕನ್ಯಾ, ಬಾಗಿಲಿಗೆ ಒರಗಿ.

“ಪಕ್ಷಪಾತ ಇರಬಾರದು.”

“ಬಾಳೆಹಣ್ಣಿನ ಮೇಲೆ ಪಕ್ಷಪಾತವಾ?”

ನಾನು ಒಲೆಯ ಕಡೆ ತಿರುಗಿದೆ. ಪಿಜ್ಜಾದ ಮೇಲೆ ಬಳಿಯುವ ಟೊಮೇಟೊ ಗೊಜ್ಜು ಕುದಿಯುತ್ತಿತ್ತು. ಹದ ಬಂದಿರಬಹುದೆಂದು ಒಂದು ಚಮಚ ತೆಗೆದೆ. ಮುಂದೆ ನಡೆದದ್ದಕ್ಕೆ ನಾನು ಜವಾಬ್ದಾರನಲ್ಲ. ಮೂವತ್ತು ವರ್ಷದ ಅಭ್ಯಾಸ ಜವಾಬ್ದಾರ. ಚಮಚ ತುಟಿಗೆ ತಾಗಿದ್ದೇ ಸೊರ್ರೆಂದು ಹೀರಿದೆ, ಬಾಯಲ್ಲಿ ಆಡಿಸಿದೆ, ಪಕ್ಕದ ಸಿಂಕಿಗೆ ಥೂ ಎಂದು ಉಗಿದೆ, ಅದೇ ಚಮಚವನ್ನು ಮತ್ತೆ ಗೊಜ್ಜಿನಲ್ಲಿ ಅದ್ದಿದೆ.

ಹಿಂದೆ ಅಮ್ಮ ನಿಂತಿದ್ದರು.

“ಶಿವನೇ! ಅಡಿಗೆಮನೇಲಿ ಉಗಿತೀಯೇನೋ? ಅನ್ನದ ಮೇಲೆ ಉಗಿತೀಯೇನೋ?”

“ಅನ್ನ ಅಲ್ಲಮ್ಮ, ಟೊಮೇಟೊ…”

“ಎಡೆ ಆಗಿಲ್ಲ, ಪೂಜೆ ಆಗಿಲ್ಲ, ಎಲ್ಲ ಎಂಜಲು ಮಾಡಿ ಇಟ್ಯಲ್ಲ ಮಾರಾಯ!”

ಅಲ್ಲೇ ತೀರ್ಪಾಯಿತು. ಆ ಪಾತ್ರೆಯ ಗೊಜ್ಜು ಬೇರೆ ಯಾರಿಗೂ ಇಲ್ಲ, ಚೆಲ್ಲುವ ಹಾಗೂ ಇಲ್ಲ, ಮುಗಿಯುವ ತನಕ ನಾನೊಬ್ಬನೇ ತಿನ್ನಬೇಕು. (ಬುಧವಾರದವರೆಗೂ ತಿಂದೆ.) ಹೊಸದಾಗಿ ಗೊಜ್ಜು ಮಾಡಬೇಕು. ಈ ಸಲ ಒಂದು ತೊಟ್ಟೂ ಬಾಯಿಗೆ ಹೋಗಕೂಡದು.

“ರುಚಿ ನೋಡದೆ ಅಡಿಗೆ ಮಾಡೋದು ಹೇಗಮ್ಮ?” ಎಂದೆ. ನನ್ನ ಧ್ವನಿಯಲ್ಲಿ ಒಬ್ಬ ಪರಿಣತನ ನೋವಿತ್ತು.

“ಹೇಗೆ ಅಂದ್ರೆ? ನಿನ್ನ ಹೆಂಡ್ತಿ ಇಪ್ಪತ್ತಾರು ವರ್ಷ ಹಾಗೇ ಮಾಡಿ ಹಾಕಿದಾಳೆ. ನಾನು ಅದಕ್ಕೂ ಮುಂಚೆ ಮಾಡಿ ಹಾಕಿದೀನಿ. ನೀನು ಉಂಡ್ಕೊಂಡು ಎದ್ದು ಹೋಗಿದೀಯ.”

ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ಎಡೆಗೆ ಮೊದಲು ಯಾರೂ ಬಾಯಿಗೆ ಹಾಕುವಂತಿಲ್ಲ ಎಂಬುದು ನನಗೆ ಗೊತ್ತಿತ್ತು. ಆ ‘ಯಾರೂ’ ಎಂಬುದರಲ್ಲಿ ಅಡಿಗೆ ಮಾಡುವವಳೂ ಸೇರುತ್ತಾಳೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಸುಕನ್ಯಾ ಬಡಿಸಿ, ನಿಂತು, “ಹೇಗಿದೆ?” ಎನ್ನುತ್ತಿದ್ದುದು ಹೊಗಳಿಕೆಗಾಗಿ ಎಂದು ತಿಳಿದಿದ್ದೆ. ಹೆಂಗಸರ ಸ್ವಭಾವ ಎಂದು ಒಳಗೊಳಗೇ ನಕ್ಕದ್ದೂ ಉಂಟು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ! ಉಪ್ಪು ಬಿತ್ತೋ ಇಲ್ಲವೋ, ಹುಳಿ ಏರಿತೋ ಇಳಿಯಿತೋ, ತಾನು ಮಾಡಿದ ಸಾರಿನ ಸುದ್ದಿ ಅವಳಿಗೆ ಮೊದಲು ಸಿಗಬೇಕಾಗಿದ್ದದ್ದು ನನ್ನ ಬಾಯಿಂದ. ನಿಶ್ಚಿತಾರ್ಥದ ದಿನ ಅವಳು ನನ್ನನ್ನು ನಂಬಿಕೊಂಡೇ ನಲವತ್ತು ಎಲೆಗೆ ಬಡಿಸಲು ಹೋಗಿದ್ದಳು. ಹಿತ್ತಲಲ್ಲಿ ಅತ್ತದ್ದು ಯಾಕೆಂದು ಹದಿನೆಂಟು ವರ್ಷದ ಮೇಲೆ, ಟೊಮೇಟೊ ಹೆಚ್ಚುತ್ತಾ, ನನಗೆ ತಿಳಿಯಿತು. ಗೊಜ್ಜಿನ ಈರುಳ್ಳಿಯ ಸರದಿ ಇನ್ನೂ ಬಂದಿರಲಿಲ್ಲ; ಆದರೂ ಕಣ್ಣು ಒರೆಸಿಕೊಂಡೆ.

ಸುಕನ್ಯಾ ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ನಗುತ್ತಿದ್ದಳೋ ಏನೋ, ನಾನು ನೋಡಲು ಹೋಗಲಿಲ್ಲ.

ಹೊಸ ಗೊಜ್ಜು ಮುಗಿಸಿ ತಿರುಗಿದರೆ ಮೇಜಿನ ಮೇಲೆ ಬಟ್ಟಲುಗಳಿಲ್ಲ. ಚೀಟಿಗಳು ಮಾತ್ರ ಶಿಸ್ತಾಗಿ ಕೂತಿವೆ.

“ನೊಣ ಕೂರ್ತಿತ್ತು, ಎತ್ತಿ ಮುಚ್ಚಿಟ್ಟೆ,” ಎಂದರು ಅಮ್ಮ.

ಬಾಳೆಹಣ್ಣು, ಈರುಳ್ಳಿಗೆಲ್ಲ ಚೀಟಿಯ ಅಗತ್ಯವಿರಲಿಲ್ಲ. ಎರಡು ಬಟ್ಟಲು ಮಾತ್ರ ನನ್ನನ್ನು ಪರೀಕ್ಷೆಗೆ ಕೂರಿಸಿದವು. ಒಂದರಲ್ಲಿ ಹೇರಳೆ ಸಿಹಿಗೊಜ್ಜು, ಇನ್ನೊಂದರಲ್ಲಿ ಹೇರಳೆ ಉಪ್ಪಿನಕಾಯಿ. ಎರಡೂ ಒಂದೇ ಕಂದುಕೆಂಪು, ಎರಡರಲ್ಲೂ ಒಂದೇ ಬಗೆಯ ಹೋಳು. ಸುಕನ್ಯಾ ಸ್ನಾನಕ್ಕೆ ಹೋಗಿದ್ದಳು. ಒಂದನ್ನು ಎತ್ತಿ ಮೂಗಿನ ಹತ್ತಿರ ತಂದೆ.

“ಮೂಸೋದೂ ಕೂಡದು!” ಎಂದರು ಅಮ್ಮ. “ದೇವರ ಹೂವನ್ನ ಮೂಸಿ ಇಡ್ತೀಯಾ?”

ನಾಲಿಗೆಯೂ ಇಲ್ಲ, ಮೂಗೂ ಇಲ್ಲ. ಜಿಲ್ಲೆಯಲ್ಲೇ ಹೆಸರಾದ ರುಚಿಕಾರನ ಆಯುಧಗಳೆಲ್ಲ ಮುಟ್ಟುಗೋಲಾಗಿದ್ದವು. “ಅಮ್ಮ, ಇದರಲ್ಲಿ ಯಾವುದು ಯಾವುದು?” ಎಂದು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರು. ಆದರೆ ಮೂವತ್ತು ವರ್ಷ ಸ್ಯಾಂಪಲ್ ನೋಡಿದವನು ಕೇಳಿ ತಿಳಿಯುವುದೇ? ಎರಡೂ ಬಟ್ಟಲುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಓರೆಯಾಗಿಸಿ, ರಸ ಇಳಿಯುವ ರೀತಿ ನೋಡಿ, ಎಡಗಡೆಯದೇ ಸಿಹಿ ಎಂದು ತೀರ್ಮಾನಿಸಿದೆ.

ಓಡಿನ ಅಳತೆಗೆ ಮೂರು ಪಿಜ್ಜಾ ಆದವು. ಚೀಸ್ ಕರಗಿ, ಅಂಚು ಹೊಂಬಣ್ಣಕ್ಕೆ ತಿರುಗಿ, ನೋಡಲು ಫೋಟೋದಲ್ಲಿದ್ದಂತೆಯೇ ಇದ್ದವು. ಓಡೂ ಒಡೆಯಲಿಲ್ಲ. ಅಮ್ಮ ಎರಡೂ ಭಾಗದಿಂದ ಒಂದೊಂದು ತುಂಡು ತೆಗೆದು ಎಡೆ ಇಟ್ಟರು. ಸೌಮ್ಯ, ವೀರೇಂದ್ರ ಅಷ್ಟು ಹೊತ್ತಿಗೆ ಬಂದು ಕೈಕಾಲು ತೊಳೆದು ಕೂತಿದ್ದರು. ನಾನು ಎಲ್ಲರ ತಟ್ಟೆಗೂ ಸಿಹಿಯದೊಂದು, ಖಾರದ್ದೊಂದು ತುಂಡು ಬಡಿಸಿ, ಚಾಕು ಹಿಡಿದು ಸುಕನ್ಯಾಳ ಕುರ್ಚಿಯ ಪಕ್ಕ ನಿಂತೆ.

ಅವಳು ಬಾಳೆಹಣ್ಣಿನ ಭಾಗ ಎತ್ತಿ ಕಚ್ಚಿದಳು. ಅಗಿದಳು. ಮುಖದಲ್ಲಿ ಏನೂ ಇಲ್ಲ. ಇಷ್ಟು ಖಾಲಿ ಮುಖವನ್ನು ನಾನು ಕನ್ನಡಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಉಪ್ಪು ಸಾಕೋ? ಹಿಟ್ಟು ಬೆಂದಿದೆಯೋ? ಬೆಳಿಗ್ಗೆ ಆರರಿಂದ ನಿಂತ ಕಾಲು ಈಗ ನೋಯತೊಡಗಿತು. ಒಂದು ತುತ್ತು ನುಂಗಲು ಮನುಷ್ಯರಿಗೆ ಇಷ್ಟು ಹೊತ್ತು ಬೇಕೇ?

“ಹೇಗಿದೆ?” ಎಂದೆ. ಪ್ರಶ್ನೆ ತಾನಾಗಿಯೇ ಬಾಯಿಂದ ಬಂತು.

ಸುಕನ್ಯಾ ಕಣ್ಣು ಅರ್ಧ ಮುಚ್ಚಿದಳು. ಒಂದಿಷ್ಟು ಹೊತ್ತು ಬಿಟ್ಟಳು.

“ಪರವಾಗಿಲ್ಲ,” ಎಂದಳು.

ಆ ಮಾತು ಕೇಳಿಸಿಕೊಳ್ಳಲು ಎಷ್ಟು ಒಣಕಲಾಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಷ್ಟು ಹೊತ್ತು ಕಾದು ಕೈಗೆ ಸಿಕ್ಕಿದ್ದು ಇಷ್ಟೇ. ಇದನ್ನು ನಾನು ದಿನಕ್ಕೆ ಮೂರು ಸಲ, ಬಲು ಉದಾರವಾಗಿ, ಕೊಡುತ್ತಾ ಬಂದಿದ್ದೆ.

“ಅಣ್ಣ, ಸೂಪರ್!” ಎಂದ ವೀರೇಂದ್ರ. ಅವನ ಕಣ್ಣಲ್ಲಿ ನೀರಿತ್ತು. ಆ ಕ್ಷಣದಲ್ಲಿ ಅವನನ್ನು ತಬ್ಬಿಕೊಳ್ಳಬೇಕು ಎನಿಸಿತು. ಎರಡು ಹೋಳಿಗೆ ಜಾಸ್ತಿ ಬೀಳುವುದು ಯಾಕೆಂದೂ ಅರ್ಥವಾಯಿತು.

ಕೊನೆಗೆ ನಾನೂ ಕೂತು ಸಿಹಿ ಭಾಗವನ್ನು ದೊಡ್ಡದಾಗಿಯೇ ಕಚ್ಚಿದೆ. ಬಾಳೆಹಣ್ಣು, ಜೇನುತುಪ್ಪ, ತೆಂಗಿನತುರಿ, ಅವುಗಳ ನಡುವೆ ಎರಡು ವರ್ಷದ ಹಳೆಯ ಹೇರಳೆಕಾಯಿ ಉಪ್ಪಿನಕಾಯಿ. ಕಿವಿಯಿಂದ ಹೊಗೆ ಬಂತು. ವೀರೇಂದ್ರನ ಕಣ್ಣಲ್ಲಿ ನೀರು ಬಂದದ್ದು ಪ್ರೀತಿಗಲ್ಲ. ಖಾರದ ಭಾಗದಲ್ಲಿ ಈರುಳ್ಳಿ, ಕಾಳುಮೆಣಸಿನ ಮೇಲೆ ಬೆಲ್ಲದ ಗೊಜ್ಜು ಹೊಳೆಯುತ್ತಿತ್ತು.

“ಯಾಕೆ ಹೇಳ್ಲಿಲ್ಲ?” ಎಂದು ನೀರಿನ ಲೋಟಕ್ಕೆ ತಡಕಾಡಿದೆ.

“ಕೇಳಿದ್ರಿ, ಹೇಳಿದ್ನಲ್ಲ, ಪರವಾಗಿಲ್ಲ ಅಂತ,” ಎಂದಳು ಸುಕನ್ಯಾ. “ಸೌಮ್ಯನ ನಿಶ್ಚಿತಾರ್ಥದ ಸಾರೂ ಪರವಾಗಿರಲಿಲ್ಲ, ನೆನಪಿದ್ಯಾ?”

ಸೌಮ್ಯ ಮೊದಲು ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಅಮ್ಮ ಮಾತ್ರ ದೇವರಮನೆಯ ಕಡೆ ತಿರುಗಿ, “ಪಾಪ, ಶಿವನಿಗೂ ಇದೇ ಇಟ್ನಲ್ಲ,” ಎಂದು ಲೊಚಗುಟ್ಟಿದರು. ತಟ್ಟೆಯಲ್ಲಿ ಬಿಡುವ ಹಾಗಿರಲಿಲ್ಲವಾದ್ದರಿಂದ ಮೂರೂ ಪಿಜ್ಜಾಗಳು ಎರಡು ತಂಬಿಗೆ ಮಜ್ಜಿಗೆಯ ನೆರವಿನಿಂದ ಖಾಲಿಯಾದವು.

ಸೌಮ್ಯ, ವೀರೇಂದ್ರ ಇಬ್ಬರನ್ನೂ ಬಸ್ಸು ಹತ್ತಿಸಿ ಬಂದು, ಪಾತ್ರೆ ತೊಳೆಯುತ್ತಿದ್ದ ಸುಕನ್ಯಾಳ ಪಕ್ಕ ನಿಂತೆ. “ನೀನು ರುಚಿ ನೋಡ್ದೆ ಮಾಡ್ತೀಯ ಅಂತ ನನಗೆ ಗೊತ್ತಿರ್ಲಿಲ್ಲ,” ಎಂದೆ. “ತಪ್ಪಾಯ್ತು. ನಾಳೆಯಿಂದ ನೀನು ಕೇಳದಿದ್ರೂ ಹೇಳ್ತೀನಿ.” ಅವಳು ಒಂದು ತಟ್ಟೆ ಒರೆಸಲು ಕೊಟ್ಟಳು.

ಮರುದಿನ ಬೆಳಿಗ್ಗೆ ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಅವಳು ಬಡಿಸಿ ಒಳಗೆ ಹೋದಳು. ನಾನು ತುತ್ತು ಬಾಯಿಗಿಟ್ಟೆ. ಕಣ್ಣು ಮುಚ್ಚಲಿಲ್ಲ, ಹೊರಳಿಸಲಿಲ್ಲ. ಗಂಟಲು ಸರಿಮಾಡಿಕೊಂಡು ಕೂಗಿದೆ:

“ಎಣ್ಣೆಗಾಯಿ ಚೆನ್ನಾಗಿದೆ!”

“ಗೊತ್ತು,” ಎಂದು ಒಳಗಿನಿಂದ ಉತ್ತರ ಬಂತು.

“ಗೊತ್ತಾ? ಹೇಗೆ ಗೊತ್ತು?”

ಸುಕನ್ಯಾ ಬಾಗಿಲಿಗೆ ಬಂದು ಅಂಗೈ ತೋರಿಸಿದಳು. ಅದರ ನಡುವೆ ಎಣ್ಣೆಯ ಒಂದು ಗುರುತಿತ್ತು. “ಅಂಗೈಗೆ ಚೂರು ಹಾಕ್ಕೊಂಡು ನಾನೇ ನೋಡ್ತೀನಿ. ಎಡೆಗೆ ಅಂತ ಮೊದ್ಲೇ ಒಂದು ಬಟ್ಟಲು ತೆಗೆದಿಟ್ಟು, ಆಮೇಲೆ ನೋಡ್ಕೋ ಅಂತ ಅತ್ತೇರೇ ಹೇಳಿದ್ರು. ಮೂರು ವಾರ ಆಯ್ತು.”

ನಾನು ಅಮ್ಮನ ಕಡೆ ತಿರುಗಿದೆ. ಜೀವಮಾನವಿಡೀ ಒಂದು ಕೂದಲಷ್ಟೂ ಸಡಿಲಿಸದ ಪದ್ಧತಿ ಅದು.

“ಮತ್ತೆಂತ ಮಾಡ್ಲಿ?” ಎಂದರು ಅಮ್ಮ, ರೊಟ್ಟಿ ಮುರಿಯುತ್ತಾ. “ಉಪ್ಪು ಹೆಚ್ಚೋ ಕಮ್ಮಿಯೋ ಅಂತ ಶಿವ ಹೇಗೂ ಬಾಯಿ ಬಿಡಲ್ಲ. ನೀನೂ ಬಿಡಲ್ಲ. ಇಬ್ಬರ ಮಧ್ಯ ಸಿಕ್ಕಿ ಅವಳು ಎಷ್ಟು ವರ್ಷ ಸೌಟು ಹಿಡ್ಕೊಂಡು ನಿಲ್ಬೇಕು?”

ಹಾಗಾದರೆ ಹುದ್ದೆ ನಿಜವಾಗಿಯೂ ಹೋಗಿತ್ತು. ಯಾರೂ ಕಿತ್ತುಕೊಂಡದ್ದಲ್ಲ. ಇಪ್ಪತ್ತಾರು ವರ್ಷ ಕುರ್ಚಿಯಲ್ಲಿ ಕೂತು ಕೆಲಸ ಮಾಡದವನನ್ನು ಬಿಟ್ಟು ಮನೆ ಮುಂದೆ ಹೋಗಿತ್ತು, ಅಷ್ಟೇ.

“ಇನ್ನು ನಾನು ಹೇಳೋದೇ ಬೇಡ್ವಾ?” ಎಂದೆ. ಧ್ವನಿ ಸಣ್ಣದಾಗಿತ್ತು.

“ಬೇಡ ಅಂದೋರ್ಯಾರು? ಹೇಳಿ. ಉಪ್ಪಿಗಾಗಿ ಕಾಯ್ತಾ ನಿಲ್ಲೋಕೆ ಮಾತ್ರ ಇನ್ನು ನನ್ನ ಕೈಲಾಗಲ್ಲ,” ಎಂದು ಒಳಗೆ ಹೋದಳು.

ನಾನು ಇನ್ನೊಂದು ತುತ್ತು ತಿಂದೆ. ಎಣ್ಣೆಗಾಯಿ ಬಹಳ ಚೆನ್ನಾಗಿತ್ತು. ಎಷ್ಟೋ ವರ್ಷಗಳಿಂದಲೂ ಹಾಗೇ ಇತ್ತು. ಈಗ ಅದನ್ನು ತಿಳಿಯಲು ಅವಳಿಗೆ ನಾನು ಬೇಕಾಗಿಲ್ಲ. ಆದರೂ ಸುಮ್ಮನಿರಲು ಆಗಲಿಲ್ಲ.

“ಸುಕನ್ಯಾ,” ಎಂದೆ, “ತುಂಬಾ ಚೆನ್ನಾಗಿದೆ ಕಣೇ. ಯಾವತ್ತೂ ಚೆನ್ನಾಗೇ ಇತ್ತು.”

ಒಳಗೆ ಸೌಟಿನ ಸದ್ದು ನಿಂತಿತು. ನಾನು ರೊಟ್ಟಿ ಕೈಯಲ್ಲಿ ಹಿಡಿದು ಕಾದೆ.

“ಪರವಾಗಿಲ್ಲ,” ಎಂದಳು.